ಅಗ್ಗದ ಮೈನಿಂಗ್ ಮಷೀನು ಎಂಬ ದುಬಾರಿ ಆಸೆ

ಸಾಫ್ಟ್‌ವೇರ್ ಇಂಜಿನಿಯರ್ ಅಂದಮೇಲೆ ಕೆಲವು ಪ್ರಶ್ನೆಗಳು ಹಣೆಯಲ್ಲೇ ಬರೆದಿರುತ್ತವೆ. ಮದುವೆಮನೆಗೆ ಹೋದ್ರೆ "ಪ್ರಿಂಟರ್ ಯಾಕೋ ಕೈಕೊಡ್ತಿದೆ ನೋಡಪ್ಪಾ", ಊರಿಗೆ ಹೋದ್ರೆ "ಮಗನಿಗೆ ಯಾವ ಲ್ಯಾಪ್‌ಟಾಪ್ ಕೊಡಿಸಲಿ?" ನಾವು ಬರೆಯೋದು ಯಾವುದೋ ಬ್ಯಾಂಕಿನ ಸರ್ವರಿಗೆ ಜಾವಾ ಕೋಡು, ಪ್ರಿಂಟರಿಗೂ ನಮಗೂ ಏನು ಸಂಬಂಧ ಅಂತ ಕೇಳೋರಿಲ್ಲ. ಇರಲಿ ಬಿಡಿ. ಈ ಪಟ್ಟಿಗೆ ಕೆಲವು ವರ್ಷಗಳಿಂದ ಇನ್ನೊಂದು ಸೇರಿಕೊಂಡಿದೆ: "ಅಣ್ಣಾ, ಮೈನಿಂಗ್ ಶುರು ಮಾಡ್ಬೇಕು ಅಂತಿದೀನಿ. ಕಡಿಮೆ ಬಜೆಟ್ಟಲ್ಲಿ ಯಾವ ಮಷೀನ್ ಒಳ್ಳೇದು?"

ಇದು ಬಳ್ಳಾರಿಯ ಮೈನಿಂಗ್ ಅಲ್ಲ, ಗಾಬರಿಯಾಗಬೇಡಿ :) ಬಿಟ್‌ಕಾಯಿನ್ ಮತ್ತು ಅದರ ಬಳಗದ ಮೈನಿಂಗ್. ಕೇಳೋರು ಯಾರು ಅಂದ್ರೆ ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗರು, ಹೊಸದಾಗಿ ಕೆಲಸಕ್ಕೆ ಸೇರಿ ಮೊದಲ ಬೋನಸ್ ಕೈಗೆ ಬಂದೋರು, ಊರಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡೋರು. ಹಿಂದೆ ಇರೋ ದುಡ್ಡು ಅಪ್ಪನ ಅಡಿಕೆ ದುಡ್ಡು, ಇಲ್ಲಾ ಎರಡು ಸೆಮಿಸ್ಟರ್ ಫೀಸು. ಅದಕ್ಕೇ "ನಿಂಗೇನು ತಲೆ ಕೆಟ್ಟಿದೆಯಾ" ಅಂತ ಒಂದೇ ಮಾತಲ್ಲಿ ಹಾರಿಸಿಬಿಡೋಕೆ ನನಗೆ ಮನಸ್ಸು ಬರಲ್ಲ. ಪ್ರಶ್ನೆ ಕೇಳಿದವನಿಗೆ ಲೆಕ್ಕ ತೋರಿಸಬೇಕು. ಆ ಲೆಕ್ಕವನ್ನೇ ಇಲ್ಲಿ ಬರೆದಿಡ್ತಾ ಇದೀನಿ, ಮುಂದಿನ ಸಲ ಯಾರಾದ್ರೂ ಕೇಳಿದ್ರೆ ಕೊಂಡಿ ಕಳಿಸಿದರಾಯ್ತು ಅಂತ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹೊಸಬರಿಗೆ "ಸಂಪಾದನೆ ಮಾಡಿಕೊಡುವ ಅಗ್ಗದ ಮೈನಿಂಗ್ ಮಷೀನು" ಅನ್ನೋದು ನಮ್ಮ ಕರ್ನಾಟಕದ ಮನೆಯೊಳಗೆ ಇಲ್ಲವೇ ಇಲ್ಲ. ಆದರೆ "ಕಲಿಸಿಕೊಡುವ ಅಗ್ಗದ ಮೈನಿಂಗ್ ಮಷೀನು" ಇದೆ, ಚೆನ್ನಾಗಿಯೇ ಇದೆ. ಇವೆರಡನ್ನೂ ಒಂದೇ ಅಂದ್ಕೊಂಡಾಗಲೇ ದುಡ್ಡು ಹೋಗೋದು.

ಮೈನಿಂಗ್ ಅಂದ್ರೆ ಏನು, ಎರಡೇ ಮಾತಲ್ಲಿ

ಗೊತ್ತಿದ್ದೋರು ಈ ಪ್ಯಾರಾ ಹಾರಿಸಬಹುದು. ಬಿಟ್‌ಕಾಯಿನ್ ಜಾಲದಲ್ಲಿ ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್ ಸೇರುತ್ತೆ. ಅದನ್ನು ಸೇರಿಸುವ ಹಕ್ಕಿಗಾಗಿ ಜಗತ್ತಿನ ಮೈನರ್‌ಗಳೆಲ್ಲಾ ಒಂದು ಊಹೆಯ ಆಟ ಆಡ್ತಾರೆ. ಒಂದು ಸಂಖ್ಯೆ ತಗೋ, ಶಾ-256 ಅನ್ನೋ ಗಣಿತದ ಯಂತ್ರಕ್ಕೆ ಹಾಕು, ಉತ್ತರ ನಿಗದಿತ ಮಿತಿಗಿಂತ ಚಿಕ್ಕದಾಗಿ ಬಂತಾ ನೋಡು, ಇಲ್ಲವಾ, ಇನ್ನೊಂದು ಸಂಖ್ಯೆ ತಗೋ. ಇದರಲ್ಲಿ ಜಾಣತನಕ್ಕೆ ಜಾಗ ಇಲ್ಲ. ಸೆಕೆಂಡಿಗೆ ಎಷ್ಟು ಊಹೆ ಮಾಡ್ತೀಯ ಅನ್ನೋದಷ್ಟೇ ಲೆಕ್ಕ. ಹಬ್ಬದ ದಿನ ಲಾಟರಿ ಟಿಕೆಟ್ ಹರಿದ ಹಾಗೆ. ಯಾರ ಹತ್ತಿರ ಟಿಕೆಟ್ ಜಾಸ್ತಿಯೋ ಅವರಿಗೆ ಅವಕಾಶ ಜಾಸ್ತಿ. ಮಷೀನುಗಳು ಜಾಸ್ತಿಯಾದ ಹಾಗೆ ಪ್ರತಿ 2016 ಬ್ಲಾಕಿಗೊಮ್ಮೆ, ಅಂದ್ರೆ ಸುಮಾರು ಎರಡು ವಾರಕ್ಕೊಮ್ಮೆ, ಆಟ ತಾನಾಗೇ ಕಷ್ಟವಾಗುತ್ತೆ. ಅಂದ್ರೆ ಎಲ್ಲರೂ ಎರಡರಷ್ಟು ಮಷೀನ್ ತಂದ್ರೂ ಹಂಚಿಕೆಯಾಗೋ ಬಿಟ್‌ಕಾಯಿನ್ ಅಷ್ಟೇ.

2009ರಲ್ಲಿ ಈ ಆಟವನ್ನು ಮನೆಯ ಕಂಪ್ಯೂಟರಿನಲ್ಲೇ ಆಡಬಹುದಿತ್ತು. 2010ರ ಹೊತ್ತಿಗೆ ಗ್ರಾಫಿಕ್ಸ್ ಕಾರ್ಡು ಬಂತು. 2013ರಲ್ಲಿ ಇದೊಂದೇ ಕೆಲಸಕ್ಕೆ ಅಂತ ಮಾಡಿದ ಏಸಿಕ್ ಚಿಪ್ಪುಗಳು ಬಂದ್ವು. ಅಲ್ಲಿಗೆ ಮನೆ ಕಂಪ್ಯೂಟರಿನ ಕಥೆ ಮುಗೀತು. ಗೆದ್ದೋರಿಗೆ ಸಿಗೋ ಬಹುಮಾನವೂ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧ ಆಗ್ತಾ ಬರುತ್ತೆ: 50, 25, 12.5, 6.25. 2024ರ ಏಪ್ರಿಲ್‌ನಿಂದ 3.125.

ಈಗ ಬನ್ನಿ ಲೆಕ್ಕಕ್ಕೆ

ಪೆನ್ನು ಪೇಪರ್ ಇಟ್ಕೊಳ್ಳಿ, ಕ್ಯಾಲ್ಕುಲೇಟರ್ ಕೂಡ ಬೇಕಾಗಲ್ಲ.

ದಿನಕ್ಕೆ 144 ಬ್ಲಾಕು, ಒಂದಕ್ಕೆ 3.125. ಒಟ್ಟು ದಿನಕ್ಕೆ 450 ಬಿಟ್‌ಕಾಯಿನ್. ಒಂದು ಬಿಟ್‌ಕಾಯಿನ್ ಅಂದ್ರೆ 10 ಕೋಟಿ ಸತೋಶಿ (ರೂಪಾಯಿಗೆ ಪೈಸೆ ಇದ್ದ ಹಾಗೆ). ಹಾಗಾಗಿ ಇಡೀ ಜಗತ್ತಿಗೆ ದಿನವೊಂದಕ್ಕೆ 4,500 ಕೋಟಿ ಸತೋಶಿ. ಬ್ಲಾಕಿನ ಜೊತೆ ಬರೋ ವಹಿವಾಟಿನ ಶುಲ್ಕ ಇದರ ಮುಂದೆ ಸಣ್ಣದು, ಬಿಟ್ಟುಬಿಡೋಣ.

ಇದನ್ನು ಹಂಚಿಕೊಳ್ಳೋರು ಎಷ್ಟು ಜನ? 2025ರಲ್ಲಿ ಬಿಟ್‌ಕಾಯಿನ್ ಜಾಲದ ಒಟ್ಟು ಶಕ್ತಿ ಸೆಕೆಂಡಿಗೆ ಒಂದು ಜೆಟಾಹ್ಯಾಶ್ ಮುಟ್ಟಿತು. ಹೆಸರು ಕೇಳಿ ಹೆದರಬೇಡಿ, 100 ಕೋಟಿ ಟೆರಾಹ್ಯಾಶ್ ಅಂದ್ಕೊಳ್ಳಿ ಸಾಕು. 4,500 ಕೋಟಿಯನ್ನು 100 ಕೋಟಿಯಿಂದ ಭಾಗಿಸಿ. ನಿಮ್ಮ ಹತ್ತಿರ ಒಂದು ಟೆರಾಹ್ಯಾಶ್ ಇದ್ರೆ ದಿನಕ್ಕೆ 45 ಸತೋಶಿ.

ರೂಪಾಯಿಗೆ ತಿರುಗಿಸೋಣ. 2025ರಲ್ಲಿ ಒಂದು ಬಿಟ್‌ಕಾಯಿನ್ನಿನ ಬೆಲೆ ಒಂದು ಕೋಟಿ ರೂಪಾಯಿ ದಾಟಿ, ಆಮೇಲೆ ಅದೇ ವರ್ಷ ಕೆಳಗೂ ಇಳೀತು. ನಾನು ಉದಾರವಾಗಿ ಒಂದು ಕೋಟಿಯನ್ನೇ ಹಿಡೀತೀನಿ. ಹಾಗಾದ್ರೆ 10 ಸತೋಶಿಗೆ ಒಂದು ರೂಪಾಯಿ. ಒಂದು ಟೆರಾಹ್ಯಾಶಿಗೆ ದಿನಕ್ಕೆ ನಾಲ್ಕೂವರೆ ರೂಪಾಯಿ. ಈ ನಾಲ್ಕೂವರೆ ರೂಪಾಯಿ ನೆನಪಿಟ್ಕೊಳ್ಳಿ.

ಇನ್ನು ಖರ್ಚು. 2025-26ರ ಸಾಲಿಗೆ ನಮ್ಮ ರಾಜ್ಯದಲ್ಲಿ ಮನೆ ಬಳಕೆಯ ವಿದ್ಯುತ್ ದರ ಯೂನಿಟ್ಟಿಗೆ 5.80 ರೂ. ಅದರ ಮೇಲೆ ತೆರಿಗೆ, ಸರ್‌ಚಾರ್ಜು, ನಿಗದಿತ ಶುಲ್ಕ ಅಂತೆಲ್ಲಾ ಇದೆ. ಎಲ್ಲಾ ಸೇರಿಸಿ ಲೆಕ್ಕಕ್ಕೆ ಸುಲಭವಾಗಲಿ ಅಂತ 7 ರೂಪಾಯಿ ಇಟ್ಕೊಳ್ಳೋಣ.

ಮೊದಲು ಎಲ್ಲರೂ ಕೇಳೋ ಮಷೀನು, ಆಂಟ್‌ಮೈನರ್ ಎಸ್9. 2016ರಲ್ಲಿ ಬಂದದ್ದು. ಆ ಕಾಲದ ಹೀರೋ. ಈಗ ಸೆಕೆಂಡ್ ಹ್ಯಾಂಡಿನಲ್ಲಿ ಗುಜರಿ ಬೆಲೆಗೆ ಸಿಗುತ್ತೆ, ಅದಕ್ಕೇ ಹೊಸಬರ ಕಣ್ಣು ಮೊದಲು ಬೀಳೋದು ಇದರ ಮೇಲೆ. ಶಕ್ತಿ ಸುಮಾರು 13.5 ಟೆರಾಹ್ಯಾಶ್, ಕುಡಿಯೋ ಕರೆಂಟು ಸುಮಾರು 1,350 ವ್ಯಾಟ್. ದಿನದ ಸಂಪಾದನೆ 61 ರೂಪಾಯಿ. ದಿನದ ಕರೆಂಟು 32 ಯೂನಿಟ್ ಚಿಲ್ಲರೆ, 227 ರೂಪಾಯಿ! ಅಂದ್ರೆ ಮಷೀನನ್ನು ಯಾರಾದ್ರೂ ಪುಕ್ಕಟೆ ಕೊಟ್ಟು, ಮೇಲೆ ಎಲೆ ಅಡಿಕೆ ಇಟ್ಟು ಕೊಟ್ಟರೂ ತಿಂಗಳಿಗೆ 5,000 ರೂಪಾಯಿ ಕೈಯಿಂದ ಹೋಗುತ್ತೆ.

ಎರಡನೇದು ಎಸ್19 ಪ್ರೊ. 110 ಟೆರಾಹ್ಯಾಶ್, 3,250 ವ್ಯಾಟ್. ಸಂಪಾದನೆ 495 ರೂ., ಕರೆಂಟು 78 ಯೂನಿಟ್ಟಿಗೆ 546 ರೂ. ಇಲ್ಲೂ ನಷ್ಟವೇ.

ಮೂರನೇದು ಎಸ್21. 200 ಟೆರಾಹ್ಯಾಶ್, 3,500 ವ್ಯಾಟ್. ಸಂಪಾದನೆ 900 ರೂ., ಕರೆಂಟು 84 ಯೂನಿಟ್ಟಿಗೆ 588 ರೂ. ಆಹಾ, 312 ರೂಪಾಯಿ ಉಳೀತಲ್ಲಾ ಅಂತ ಖುಷಿಯಾಯ್ತಾ? ಸ್ವಲ್ಪ ತಡೀರಿ. ನಮ್ಮ ದೇಶದಲ್ಲಿ 2022ರ ಬಜೆಟ್ಟಿನಿಂದ ಕ್ರಿಪ್ಟೋ ಆದಾಯಕ್ಕೆ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್ಸು, ಒಟ್ಟು ಶೇ. 31.2. ಮುಖ್ಯವಾದ ವಿಷಯ ಇಲ್ಲಿದೆ: ಮೈನಿಂಗಿಗೆ ಹಾಕಿದ ಮೂಲಸೌಕರ್ಯದ ಖರ್ಚನ್ನು ಕೊಂಡ ಬೆಲೆ ಅಂತ ಕಳೆಯೋಕೆ ಬಿಡಲ್ಲ ಅಂತ ಸರ್ಕಾರ ಆ ವರ್ಷವೇ ಸಂಸತ್ತಿನಲ್ಲಿ ಸ್ಪಷ್ಟಪಡಿಸಿದೆ. ಅಂದ್ರೆ ತೆರಿಗೆ ಬೀಳೋದು ಉಳಿದ 312ರ ಮೇಲಲ್ಲ, ಇಡೀ 900ರ ಮೇಲೆ. ಅದು 281 ರೂಪಾಯಿ. 312ರಲ್ಲಿ 281 ಕಳೆದ್ರೆ ಉಳಿದದ್ದು 31 ರೂಪಾಯಿ. ಮೈನಿಂಗ್ ಪೂಲಿನವರ ಕಮಿಷನ್ನು ಇನ್ನೂ ಕಳೆದಿಲ್ಲ. ದರ್ಶಿನಿಯಲ್ಲಿ ಒಂದು ಕಾಫಿ ಕುಡೀಬಹುದು, ಅದೂ ಒಬ್ಬರೇ.

ಮಷೀನು, ಸಾಗಣೆ, ಕಸ್ಟಮ್ಸು, ಜಿಎಸ್‌ಟಿ ಎಲ್ಲ ಸೇರಿ 3 ಲಕ್ಷ ಆಯ್ತು ಅಂತ ಇಟ್ಕೊಂಡ್ರೆ, ದಿನಕ್ಕೆ 31 ರೂಪಾಯಿಯಂತೆ ಅಸಲು ವಾಪಸ್ ಬರೋಕೆ 26 ವರ್ಷ. 2028ರ ಸುಮಾರಿಗೆ ಬಹುಮಾನ ಮತ್ತೆ ಅರ್ಧ ಆಗೋದಿದೆ, ಅದನ್ನೂ ನಾನು ಇಲ್ಲಿ ಹಿಡಿದಿಲ್ಲ.

ಹಾಗಾದ್ರೆ ಅಳತೆ ಯಾವುದು?

ಹೊಸಬರು ಮಾಡೋ ಹೋಲಿಕೆ "ಇದು ಹತ್ತು ಸಾವಿರ, ಅದು ಮೂರು ಲಕ್ಷ" ಅಂತ. ನೋಡಬೇಕಾದ್ದು ಒಂದು ಟೆರಾಹ್ಯಾಶಿಗೆ ಎಷ್ಟು ಜೂಲ್ ಅನ್ನೋದು. ನಾವು ಬೈಕ್ ಕೊಳ್ಳುವಾಗ "ಮೈಲೇಜ್ ಎಷ್ಟು ಕೊಡುತ್ತೆ?" ಅಂತ ಕೇಳ್ತೀವಲ್ಲ, ಅದೇ ಪ್ರಶ್ನೆ. ವ್ಯಾಟನ್ನು ಟೆರಾಹ್ಯಾಶಿನಿಂದ ಭಾಗಿಸಿದ್ರೆ ಉತ್ತರ ಬಂತು. ಎಸ್9ಕ್ಕೆ ಸುಮಾರು 100. ಎಸ್19 ಪ್ರೊಗೆ 29.5. ಎಸ್21ಕ್ಕೆ 17.5.

ಮೇಲಿನ ನಾಲ್ಕೂವರೆ ರೂಪಾಯಿಯಲ್ಲಿ ತೆರಿಗೆ ಕಳೆದ್ರೆ ಮೂರು ರೂಪಾಯಿ ಹತ್ತು ಪೈಸೆ. ಒಂದು ವ್ಯಾಟ್ ದಿನವಿಡೀ ಉರಿದ್ರೆ 7 ರೂಪಾಯಿ ದರದಲ್ಲಿ ಸುಮಾರು 17 ಪೈಸೆ. ಹಾಗಾಗಿ ಗೆರೆ ಬೀಳೋದು 18 ಜೂಲಿನ ಹತ್ತಿರ. ಅದಕ್ಕಿಂತ ಜಾಸ್ತಿ ಕುಡಿಯೋ ಯಾವ ಮಷೀನಾದ್ರೂ, ಅದರ ಬೆಲೆ ಸೊನ್ನೆಯಾದ್ರೂ, ಅದು ನಷ್ಟದ ಮಷೀನೇ. ಬಿಟ್‌ಕಾಯಿನ್ ಬೆಲೆ 60 ಲಕ್ಷಕ್ಕೆ ಇಳಿದ್ರೆ ಈ ಗೆರೆ 11ಕ್ಕೆ ಬರುತ್ತೆ. ಅಗ್ಗಕ್ಕೆ ಸಿಗೋ ಮಷೀನುಗಳೆಲ್ಲಾ ಗೆರೆಯ ಆಚೆ ಇರೋವು. ಅವು ಅಗ್ಗ ಆಗಿರೋದೇ ಅದಕ್ಕೆ! ಲಾಭ ಕೊಡೋ ಹಸುವನ್ನು ಯಾರಾದ್ರೂ ಸಂತೆಗೆ ಹೊಡ್ಕೊಂಡು ಬರ್ತಾರಾ?

ಮಾರೋರು ಯಾರು ಅನ್ನೋದನ್ನೂ ಯೋಚನೆ ಮಾಡಿ. 2021ರ ಮೇ-ಜೂನ್‌ನಲ್ಲಿ ಚೀನಾ ಮೈನಿಂಗನ್ನು ಮಟ್ಟ ಹಾಕಿದಾಗ ಅಲ್ಲಿನ ಲಕ್ಷಾಂತರ ಮಷೀನುಗಳು ಊರು ಬಿಟ್ಟವು, ಹಳೆಯವು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ನಿಮ್ಮ ಪೈಪೋಟಿ ಪಕ್ಕದ ಬೀದಿಯವನ ಜೊತೆ ಅಲ್ಲ. ಟೆಕ್ಸಾಸಿನ ಕಂಪನಿಗಳ ಜೊತೆ, ಹಿಮಾಲಯದ ನದಿನೀರಿನ ಕರೆಂಟಿನಲ್ಲಿ ಸರ್ಕಾರದ ಕಡೆಯಿಂದಲೇ ಮೈನಿಂಗ್ ನಡೆಸೋ ಭೂತಾನಿನ ಜೊತೆ. ಅಲ್ಲಿ ಕರೆಂಟೂ ಅಗ್ಗ, ಚಳಿಯೂ ಪುಕ್ಕಟೆ.

ಗೃಹಜ್ಯೋತಿ ಇದೆಯಲ್ಲಾ?

ಈ ಪ್ರಶ್ನೆ ಬಂದೇ ಬರುತ್ತೆ, ನಗಬೇಡಿ. 200 ಯೂನಿಟ್ ತನಕ ಪುಕ್ಕಟೆ ಅಲ್ವಾ ಅಂತ. ಎಸ್9 ಈ 200 ಯೂನಿಟ್ಟನ್ನು ಆರು ದಿನಕ್ಕೆ ಮುಗಿಸುತ್ತೆ. ಎಸ್21 ಎರಡೂವರೆ ದಿನವೂ ಕಾಯಲ್ಲ. 200 ದಾಟಿದ್ರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಅಲ್ಲದೆ ಪುಕ್ಕಟೆ ಸಿಗೋದು ಎಲ್ಲರಿಗೂ 200 ಅಲ್ಲ, ನಿಮ್ಮ ಮನೆಯ ಹಳೆಯ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಜಾಸ್ತಿ ಅಷ್ಟೇ. ಅಮ್ಮನ ಮಿಕ್ಸಿಗೆ, ಫ್ರಿಜ್ಜಿಗೆ ಅಂತ ಬಂದ ಸೌಲಭ್ಯವನ್ನು ಮಷೀನಿನ ಬಾಯಿಗೆ ಹಾಕಿ, ಬಿಲ್ ಬಂದ ದಿನ ಅಪ್ಪನ ಮುಂದೆ ನಿಂತ್ಕೊಳ್ಳೋ ಧೈರ್ಯ ಇದ್ರೆ ನಿಮ್ಮಿಷ್ಟ.

"ಸೋಲಾರ್ ಹಾಕಿಸಿದ್ರೆ?" ಅಂತ ಇನ್ನೊಬ್ಬ ಕೇಳಿದ. ಮನೆ ಮೇಲಿನ 3 ಕಿಲೋವ್ಯಾಟಿನ ಸೋಲಾರು ಒಳ್ಳೆ ಬಿಸಿಲಿದ್ರೆ ದಿನಕ್ಕೆ 12 ಯೂನಿಟ್ ಕೊಡಬಹುದು. ಎಸ್21ಕ್ಕೆ ಬೇಕಿರೋದು 84. ಅಂದ್ರೆ ಅಂಥ ಏಳು ಮನೆಯ ಸೂರು ಬೇಕು. ರಾತ್ರಿ ಏನು ಮಾಡ್ತೀಯ ಅಂತ ಕೇಳಿದ್ದಕ್ಕೆ ಅವನು ಬ್ಯಾಟರಿ ಅಂದ. ನಾನು ಮಾತು ಬದಲಿಸಿದೆ.

ಕರೆಂಟು ಬಿಲ್ಲಿನ ಆಚೆಗೆ ಮನೆಯ ವೈರಿಂಗೂ ಇದೆ. 3,500 ವ್ಯಾಟ್ ಅಂದ್ರೆ 230 ವೋಲ್ಟಿನಲ್ಲಿ 15 ಆಂಪಿಯರ್ ಮೀರುತ್ತೆ. ಗೀಸರಿನ ಪವರ್ ಪಾಯಿಂಟು 16 ಆಂಪಿಯರಿನದು. ಗೀಸರ್ ಉರಿಯೋದು ಹದಿನೈದು ನಿಮಿಷ, ಈ ಮಷೀನು ಇಪ್ಪತ್ನಾಲ್ಕು ಗಂಟೆ, ಮುನ್ನೂರರವತ್ತೈದು ದಿನ. ಹಳೇ ಬಾಡಿಗೆ ಮನೆಯ ಸಾಕೆಟ್ಟು, ಅಲ್ಯೂಮಿನಿಯಂ ವೈರು... ಬೇಡ ಸ್ವಾಮಿ.

ಆಮೇಲೆ ಬಿಸಿ. ಒಳಗೆ ಹೋದ 3,500 ವ್ಯಾಟೂ ಕೊನೆಗೆ ಬಿಸಿಯಾಗಿಯೇ ಹೊರಗೆ ಬರೋದು. ಒಂದು ಟನ್ನಿನ ಏಸಿ ಹೊರಗೆ ಹಾಕೋ ಶಾಖವೂ ಹೆಚ್ಚು ಕಡಿಮೆ ಅಷ್ಟೇ, 3,517 ವ್ಯಾಟ್. ಅಂದ್ರೆ ಈ ಮಷೀನನ್ನು ಮುಚ್ಚಿದ ರೂಮಲ್ಲಿ ಇಟ್ರೆ ಅದಕ್ಕಂತಲೇ ಒಂದು ಟನ್ನಿನ ಏಸಿ ಬಿಡುವಿಲ್ಲದೆ ಓಡ್ಬೇಕು. ಅದರ ಕರೆಂಟು ಬೇರೆ! ಚಳಿ ದೇಶದವರು ಈ ಬಿಸಿಯಲ್ಲೇ ಮನೆ ಬೆಚ್ಚಗಿಟ್ಟುಕೊಳ್ತಾರೆ, ಅವರಿಗೆ ಲೆಕ್ಕ ಬೇರೆ. ನಮ್ಮಲ್ಲಿ ಮಲೆನಾಡಿನ ಮಳೆಗಾಲದಲ್ಲಿ ಅಡಿಕೆ ಒಣಗಿಸೋಕೆ ಆದೀತೇನೋ, ರಾಯಚೂರಿನ ಏಪ್ರಿಲ್‌ನಲ್ಲಿ ಏನು ಮಾಡೋದು? ಸದ್ದಿನ ವಿಷಯ ಹೇಳದಿರೋದೇ ಒಳ್ಳೇದು. ಕಂಪನಿಯವರೇ 75 ಡೆಸಿಬಲ್ ಅಂತ ಬರೆದಿದ್ದಾರೆ. ಹಾಲಿನಲ್ಲಿ ವ್ಯಾಕ್ಯೂಮ್ ಕ್ಲೀನರು ರಾತ್ರಿಯಿಡೀ ಓಡಿದ ಹಾಗೆ.

ಗ್ರಾಫಿಕ್ಸ್ ಕಾರ್ಡಿನ ಕಥೆ

"ಏಸಿಕ್ ಬೇಡ, ಗ್ರಾಫಿಕ್ಸ್ ಕಾರ್ಡಲ್ಲಿ ಮಾಡ್ತೀನಿ" ಅನ್ನೋರು ಹಳೇ ವೀಡಿಯೋ ನೋಡಿ ಬಂದಿರ್ತಾರೆ. ಕಾರ್ಡಿನ ಮೈನಿಂಗಿಗೆ ಜೀವ ಕೊಟ್ಟಿದ್ದು ಇಥೀರಿಯಂ. ಅದು 2022ರ ಸೆಪ್ಟೆಂಬರ್ 15ರಂದು ಮೈನಿಂಗನ್ನೇ ಕೈಬಿಟ್ಟು ಬೇರೆ ವ್ಯವಸ್ಥೆಗೆ ಹೋಯ್ತು. ಅವತ್ತು ಕೆಲಸ ಕಳ್ಕೊಂಡ ಕಾರ್ಡುಗಳೆಲ್ಲಾ ರೇವನ್‌ಕಾಯಿನ್, ಇಥೀರಿಯಂ ಕ್ಲಾಸಿಕ್ ಅಂತ ಚಿಕ್ಕ ಚಿಕ್ಕ ನಾಣ್ಯಗಳಿಗೆ ಮುಗಿಬಿದ್ದವು. ಒಂದು ಕೊಳದ ಮೀನುಗಾರರೆಲ್ಲಾ ಪಕ್ಕದ ಬಾವಿಗೆ ಗಾಳ ಹಾಕಿದ ಹಾಗೆ. ಆದಾಯ ಪಾತಾಳಕ್ಕೆ ಹೋಯ್ತು.

ಆ ಕಾರ್ಡುಗಳು ಈಗಲೂ ಎಸ್.ಪಿ. ರೋಡಿನಂಥ ಜಾಗದಲ್ಲಿ, ಆನ್‌ಲೈನಿನಲ್ಲಿ ಕೈ ಬದಲಾಯಿಸ್ತಾ ಇರ್ತವೆ. ಗೇಮ್ ಆಡೋಕೆ, ಬ್ಲೆಂಡರ್ ಕಲಿಯೋಕೆ ಅಂತ ಕೊಳ್ಳೋದಾದ್ರೆ ತಪ್ಪೇನಿಲ್ಲ, ಆದರೆ ಕೆಲವು ವಿಷಯ ಗೊತ್ತಿರಲಿ.

- ಆರ್‌ಎಕ್ಸ್ 580 ಅಂತ ಹೇಳಿ "2048 ಎಸ್‌ಪಿ" ಅನ್ನೋ ಕಡಿಮೆ ಶಕ್ತಿಯ ತಳಿಯನ್ನು ಕೊಡೋರು ಇದ್ದಾರೆ. ಜಿಪಿಯು-ಜೆಡ್ ಹಾಕಿ ನೋಡದೆ ದುಡ್ಡು ಕೊಡಬೇಡಿ.
- ಎನ್‌ವಿಡಿಯಾದ ಸಿಎಂಪಿ ಹೆಸರಿನ ಕಾರ್ಡುಗಳು ಮೈನಿಂಗಿಗೇ ಅಂತ ಬಂದವು. ಅವಕ್ಕೆ ಮಾನಿಟರ್ ಸಿಕ್ಕಿಸೋ ಕಿಂಡಿಯೇ ಇಲ್ಲ. ಅಗ್ಗ ಅಂತ ತಂದ್ರೆ ಕಾಗದದ ಮೇಲೆ ಇಡೋ ಕಲ್ಲು.
- ಮೈನಿಂಗ್ ಮಾಡಿದ ಕಾರ್ಡಿನಲ್ಲಿ ಮೊದಲು ಸೋಲೋದು ಫ್ಯಾನು ಮತ್ತು ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡು. ಅರ್ಧ ಗಂಟೆ ಭಾರ ಹಾಕಿ ಓಡಿಸಿ, ಬಿಸಿ ನೋಡಿ, ಫ್ಯಾನಿನ ಸದ್ದು ಕೇಳಿ. "ಟೆಸ್ಟಿಂಗ್ ಎಲ್ಲಾ ಬೇಡ ಸಾರ್, ಗ್ಯಾರಂಟಿ ಮಾಲು" ಅಂದ್ರೆ ನಮಸ್ಕಾರ ಹೇಳಿ ಬನ್ನಿ.
- ಒಂದು ಬೋರ್ಡಿಗೆ ಐದಾರು ಕಾರ್ಡು ಹಾಕೋಕೆ ರೈಸರ್ ಅಂತ ಬರುತ್ತೆ. ಅದಕ್ಕೆ ಸಾಟಾ ಕನೆಕ್ಟರಿನಿಂದ ಪವರ್ ಕೊಡಬೇಡಿ. ಸಾಟಾದ ಮಿತಿ 12 ವೋಲ್ಟಿನಲ್ಲಿ 54 ವ್ಯಾಟ್, ಕಾರ್ಡು ತನ್ನ ಸ್ಲಾಟಿನಿಂದ ಎಳೆಯಬಹುದಾದ್ದು 75 ವ್ಯಾಟ್. ಕರಗಿದ ಪ್ಲಾಸ್ಟಿಕ್ಕಿನ ವಾಸನೆ ಅಲ್ಲಿಂದಲೇ ಶುರು.

ನನ್ನ ನಿಯಮ ಸರಳ: ಮೈನಿಂಗ್ ನಾಳೆ ಬೆಳಿಗ್ಗೆ ನಿಂತುಹೋದ್ರೂ ನಿಮಗೆ ಉಪಯೋಗಕ್ಕೆ ಬರೋ ಕಾರ್ಡಾದ್ರೆ ಮಾತ್ರ ಕೊಳ್ಳಿ. ಅಂಥ ಕಾರ್ಡಿನಿಂದ ಮಾರೋವಾಗಲೂ ಒಂದಿಷ್ಟು ಬರುತ್ತೆ. ಏಸಿಕ್ ಮಷೀನಿಗೆ ಆ ಅನುಕೂಲವಿಲ್ಲ. ಅದಕ್ಕೆ ಬರೋದು ಒಂದೇ ವಿದ್ಯೆ.

ಹಾಗಾದ್ರೆ ಹೊಸಬರು ಏನು ಮಾಡಬೇಕು?

ಇಷ್ಟೆಲ್ಲಾ ಬೇಡ ಬೇಡ ಅಂದಮೇಲೆ ಬೇಕು ಅನ್ನೋದನ್ನೂ ಹೇಳಬೇಕು, ಇಲ್ಲದಿದ್ರೆ ಅದು ಬರೀ ಹಿರಿಯರ ಬೈಗುಳ ಆಗುತ್ತೆ.

ಮೊದಲನೆಯದು, ಏನೂ ಕೊಳ್ಳಬೇಡಿ. ಮನೆಯಲ್ಲಿರೋ ಕಂಪ್ಯೂಟರಿನಲ್ಲಿ ಮೊನೆರೊ ಮೈನಿಂಗ್ ಮಾಡಿ ನೋಡಿ. 2019ರ ನವೆಂಬರಿನಲ್ಲಿ ಮೊನೆರೊ ರ‍್ಯಾಂಡಮ್‌ಎಕ್ಸ್ ಅನ್ನೋ ವಿಧಾನಕ್ಕೆ ಬಂತು. ಸಾಮಾನ್ಯ ಸಿಪಿಯು ಮೇಲೇ ಚೆನ್ನಾಗಿ ಓಡಲಿ ಅಂತಲೇ ಅದನ್ನು ಮಾಡಿರೋದು. ಎಕ್ಸ್‌ಎಂರಿಗ್ ಅನ್ನೋ ಮುಕ್ತ ತಂತ್ರಾಂಶ ಹಾಕಿ ಒಂದು ವಾರ ಓಡಿಸಿ. ಸಂಪಾದನೆ ಚಿಲ್ಲರೆ ಕಾಸು. ಆ ಚಿಲ್ಲರೆಯನ್ನು ಮಾರೋದೂ ಸುಲಭವಲ್ಲ, ಬೈನಾನ್ಸ್ ಥರದ ದೊಡ್ಡ ಎಕ್ಸ್‌ಚೇಂಜೇ 2024ರಲ್ಲಿ ಮೊನೆರೊ ತೆಗೆದುಹಾಕಿತು. ಆದರೆ ಪೂಲು ಅಂದ್ರೇನು, ವ್ಯಾಲೆಟ್ ಅಂದ್ರೇನು, ಶೇರ್ ಯಾಕೆ ತಿರಸ್ಕಾರ ಆಗುತ್ತೆ, ಸಿಪಿಯು ಕ್ಯಾಶಿಗೂ ವೇಗಕ್ಕೂ ಏನು ನಂಟು, ಇವೆಲ್ಲಾ ಒಂದೇ ವಾರದಲ್ಲಿ ಗೊತ್ತಾಗುತ್ತೆ. ಮುಖ್ಯವಾಗಿ, ಉತ್ಸಾಹ ನಿಜವಾದದ್ದೋ ವೀಡಿಯೋ ನೋಡಿ ಬಂದದ್ದೋ ಅನ್ನೋದೂ ಗೊತ್ತಾಗುತ್ತೆ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಮಾತ್ರ ಮಾಡಬೇಡಿ, ಕೆಲಸ ಹೋದೀತು!

ಎರಡನೆಯದು, ಕೈಗೆ ಏನಾದ್ರೂ ಬೇಕೇ ಬೇಕು ಅಂದ್ರೆ ಬಿಟ್ಯಾಕ್ಸ್ ಥರದ ಪುಟ್ಟ ಸಾಧನ. ಇದರ ಸರ್ಕಿಟ್ಟು, ಫರ್ಮ್‌ವೇರು ಎಲ್ಲಾ ಮುಕ್ತ. ಗಾಮಾ ಅನ್ನೋ ಮಾದರಿಯಲ್ಲಿ ದೊಡ್ಡ ಮಷೀನಿನಲ್ಲಿರೋ ಚಿಪ್ಪೇ ಒಂದೇ ಒಂದು ಇರುತ್ತೆ. ಸುಮಾರು 1.2 ಟೆರಾಹ್ಯಾಶ್, 17-18 ವ್ಯಾಟ್. ತಿಂಗಳ ಕರೆಂಟು ನೂರು ರೂಪಾಯಿಯೊಳಗೆ. ಸದ್ದಿಲ್ಲ, ಬಿಸಿಯಿಲ್ಲ, ಮೇಜಿನ ಮೇಲೆ ಇಟ್ಕೊಂಡು ನೋಡಬಹುದು. ಇನ್ನೂ ಅಗ್ಗ ಬೇಕಾ? ಇಎಸ್‌ಪಿ32 ಬೋರ್ಡಿನ ಮೇಲೆ ನರ್ಡ್‌ಮೈನರ್ ಹಾಕಿ. ಅದರಿಂದ ಏನೂ ಹುಟ್ಟಲ್ಲ, ಆದರೆ ಹ್ಯಾಶ್ ಅನ್ನೋದು ಕಣ್ಣೆದುರು ಓಡುತ್ತೆ.

ಇವನ್ನು ಮಾರೋರು "ಒಂದೇ ಸಲಕ್ಕೆ ಇಡೀ ಬ್ಲಾಕ್ ನಿಮಗೇ!" ಅಂತ ಆಸೆ ಹುಟ್ಟಿಸ್ತಾರೆ. ಪುಟ್ಟ ಮಷೀನಿನ ಒಂದಿಬ್ಬರಿಗೆ ನಿಜಕ್ಕೂ ಸಿಕ್ಕಿದ್ದೂ ಉಂಟು. ಲೆಕ್ಕ ಕೇಳಿ: 100 ಕೋಟಿ ಟೆರಾಹ್ಯಾಶಿನ ಜಾತ್ರೆಯಲ್ಲಿ ನಿಮ್ಮದು 1.2. ಸರಾಸರಿ ಒಂದು ಬ್ಲಾಕ್ ಸಿಗೋಕೆ ಸುಮಾರು 16,000 ವರ್ಷ. ಲಾಟರಿ ಅಂತ ಗೊತ್ತಿದ್ದು ಆಡಿದ್ರೆ ಅದು ಮೋಜು. ಸಂಬಳ ಅಂತ ಕಾದು ಕೂತ್ರೆ ಕಷ್ಟ.

ಮೂರನೆಯದು, ವಿದ್ಯಾರ್ಥಿಗಳಿಗೆ. ಇಲೆಕ್ಟ್ರಾನಿಕ್ಸ್ ಓದ್ತಾ ಇದ್ರೆ ನಿಮ್ಮ ಲ್ಯಾಬಿನಲ್ಲಿ ಎಫ್‌ಪಿಜಿಎ ಬೋರ್ಡು ಇರುತ್ತೆ. ಶಾ-256 ಅನ್ನು ವೆರಿಲಾಗ್‌ನಲ್ಲಿ ನೀವೇ ಬರೆದು ಅದರ ಮೇಲೆ ಓಡಿಸಿ. 64 ಸುತ್ತಿನ ಪೈಪ್‌ಲೈನ್ ಮಾಡಿ, ಒಂದು ಕ್ಲಾಕಿಗೆ ಎಷ್ಟು ಹ್ಯಾಶ್ ಬಂತು ಅಳೀರಿ. 2011ರಲ್ಲಿ ಜನ ಹೀಗೇ ಮೈನಿಂಗ್ ಮಾಡ್ತಿದ್ದರು. ಇದರಿಂದ ಒಂದು ಸತೋಶಿಯೂ ಬರಲ್ಲ, ಆದರೆ ಚಿಪ್ ಕಂಪನಿಯ ಇಂಟರ್‌ವ್ಯೂನಲ್ಲಿ ಹೇಳಿಕೊಳ್ಳೋಕೆ ಇದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಬೇಕಾ? ಈ ಬೋರ್ಡಿನ ಮೈನಿಂಗ್ ಕೊನೆಗೆ ಕೊಡೋದು ಕೆಲಸ, ಅದರ ಸಂಬಳಕ್ಕೆ ಕರೆಂಟು ಬಿಲ್ಲೂ ಇಲ್ಲ.

ಮಷೀನೇ ಇಲ್ಲದ ಮೈನಿಂಗ್

ಇದನ್ನು ಹೇಳದಿದ್ರೆ ಬರೆದದ್ದಕ್ಕೆ ಅರ್ಥವಿಲ್ಲ. ಮೇಲಿನ ಲೆಕ್ಕ ನೋಡಿ "ಮಷೀನ್ ನಮ್ಮನೇಲಿ ಬೇಡಪ್ಪಾ" ಅನ್ನಿಸಿದವರಿಗಾಗಿ ಇನ್ನೊಂದು ಬಲೆ ಕಾದಿರುತ್ತೆ. "ಮಷೀನ್ ನಮ್ಮ ಹತ್ತಿರ ಇದೆ, ನೀವು ಬಾಡಿಗೆಗೆ ತಗೊಳ್ಳಿ, ದಿನಾ ದುಡ್ಡು ಬರುತ್ತೆ." ಇದಕ್ಕೆ ಕ್ಲೌಡ್ ಮೈನಿಂಗ್ ಅಂತ ಚೆಂದದ ಹೆಸರು.

ಗೇನ್‌ಬಿಟ್‌ಕಾಯಿನ್ ನೆನಪಿದೆಯಾ? ಮೈನಿಂಗ್ ಹೆಸರಲ್ಲಿ ತಿಂಗಳಿಗೆ ಶೇ. 10ರಂತೆ 18 ತಿಂಗಳು ಕೊಡ್ತೀವಿ ಅಂತ ದೇಶದಾದ್ಯಂತ ಜನರಿಂದ ಬಿಟ್‌ಕಾಯಿನ್ ಸಂಗ್ರಹಿಸಿದ ಆರೋಪದ ಪ್ರಕರಣ. ಮುಖ್ಯ ಆರೋಪಿ 2018ರಲ್ಲಿ ಬಂಧನಕ್ಕೊಳಗಾದ, ಈಗ ಬದುಕಿಲ್ಲ. ಪ್ರಕರಣ ಸಿಬಿಐ ಕೈಗೆ ಹೋಗಿದೆ. ಆಮೇಲೆ ಬಂದದ್ದು ಎಚ್‌ಪಿಜೆಡ್ ಟೋಕನ್ ಅನ್ನೋ ಮೊಬೈಲ್ ಆ್ಯಪ್. ಜಾರಿ ನಿರ್ದೇಶನಾಲಯದ ಪ್ರಕಾರ ಅದರ ಆಮಿಷ ಹೀಗಿತ್ತು: ಮೈನಿಂಗ್ ಮಷೀನಿಗೆ 57,000 ರೂ. ಹಾಕಿ, ಮೂರು ತಿಂಗಳು ದಿನಕ್ಕೆ 4,000 ರೂ. ತಗೊಳ್ಳಿ. ಅಂದ್ರೆ 57 ಸಾವಿರಕ್ಕೆ 3 ಲಕ್ಷ 60 ಸಾವಿರ! ನಾವು ಈಗಷ್ಟೇ ನೋಡಿದ್ವಲ್ಲ, ಲಕ್ಷಗಟ್ಟಲೆ ಬೆಲೆಯ ಎಸ್21 ಕರೆಂಟು ಬಿಲ್ಲು, ತೆರಿಗೆ ಏನೂ ಕಳೆಯದೆ ದಿನಕ್ಕೆ ದುಡಿಯೋದು 900 ರೂಪಾಯಿ. ಈ ಒಂದು ಅಂಕಿ ಗೊತ್ತಿದ್ರೆ ಸಾಕು, ಅಂಥ ಆ್ಯಪಿನ ಜಾಹೀರಾತು ನೋಡಿದ ಕೂಡಲೇ ನಗು ಬರುತ್ತೆ.

ಮುಂಗಡ ಕೊಟ್ಟು ಮಷೀನಿಗಾಗಿ ಕಾಯೋದೂ ಇದರ ತಮ್ಮನೇ. ಅಮೆರಿಕದಲ್ಲಿ ಬಟರ್‌ಫ್ಲೈ ಲ್ಯಾಬ್ಸ್ ಅನ್ನೋ ಕಂಪನಿ ಹಣ ತಗೊಂಡು ಮಷೀನ್ ಸರಿಯಾಗಿ ಕಳಿಸಲಿಲ್ಲ ಅಂತ ಅಲ್ಲಿನ ಸರ್ಕಾರದ ವ್ಯಾಪಾರ ಆಯೋಗ 2014ರಲ್ಲಿ ಕೋರ್ಟಿಗೆ ಹೋಯ್ತು. ಮೈನಿಂಗಿನಲ್ಲಿ ಆರು ತಿಂಗಳು ತಡವಾಗಿ ಬಂದ ಮಷೀನು ಅಂದ್ರೆ ಮದುವೆ ಮುಗಿದ ಮೇಲೆ ಬಂದ ಓಲಗ.

ಕೆಲವರು ನನ್ನ ಜೊತೆ ವಾದ ಮಾಡ್ತಾರೆ. "ಈಗ ನಷ್ಟ ಆದ್ರೂ ಪರವಾಗಿಲ್ಲ, ಮುಂದೆ ಬೆಲೆ ಹತ್ತರಷ್ಟಾಗುತ್ತೆ, ಆಗ ಮಾರ್ತೀನಿ" ಅಂತ. ಆಗಬಹುದು, ಆಗದೆಯೂ ಇರಬಹುದು. ಆದರೆ ಅದು ಬಿಟ್‌ಕಾಯಿನ್ ಇಟ್ಕೊಳ್ಳೋದರ ಪರವಾದ ವಾದ. ಮಷೀನ್ ಕೊಳ್ಳೋದರ ಪರವಾದ ವಾದ ಅಲ್ಲವೇ ಅಲ್ಲ. 227 ರೂಪಾಯಿ ಕರೆಂಟು ಸುಟ್ಟು 61 ರೂಪಾಯಿಯ ಬಿಟ್‌ಕಾಯಿನ್ ಪಡೆಯೋ ಬದಲು ಆ 227ಕ್ಕೆ ನೇರವಾಗಿ ಕೊಂಡ್ರೆ ಸುಮಾರು ನಾಲ್ಕರಷ್ಟು ಸಿಗುತ್ತಲ್ಲ? ಕೊಳ್ಳಿ ಅಂತ ನಾನು ಹೇಳ್ತಾ ಇಲ್ಲ, ಅದರ ಅಪಾಯ ಬೇರೆಯೇ ಇದೆ. ಹತ್ತು ರೂಪಾಯಿಗೆ ಅಂಗಡಿಯಲ್ಲಿ ಸಿಗೋ ಟೊಮೆಟೊವನ್ನು ನಲವತ್ತು ರೂಪಾಯಿ ಖರ್ಚು ಮಾಡಿ ಕುಂಡದಲ್ಲಿ ಬೆಳೆದು "ವ್ಯವಸಾಯದಲ್ಲಿ ಲಾಭ ಇದೆ" ಅನ್ನಬೇಡಿ ಅಂತ ಅಷ್ಟೇ. ಕುಂಡದಲ್ಲಿ ಬೆಳೆಯೋ ಖುಷಿಗೆ ಅಂದ್ರೆ ನಾನೂ ಒಪ್ತೀನಿ.

ನನ್ನ ಬೇಸರ ಇರೋದು ಎಲ್ಲಿ ಗೊತ್ತಾ? "ಬಜೆಟ್ ಮೈನಿಂಗ್ ರಿಗ್" ಅಂತ ಹುಡುಕಿದ್ರೆ ಸಿಗೋ ವೀಡಿಯೋಗಳಲ್ಲಿ ಬೆಲೆ, ಟೆರಾಹ್ಯಾಶು, ಬಣ್ಣ ಬಣ್ಣದ ಲೈಟು ಎಲ್ಲಾ ತೋರಿಸ್ತಾರೆ. ನಮ್ಮ ಯೂನಿಟ್ ದರ, ನಮ್ಮ ತೆರಿಗೆ, ನಮ್ಮ ಬಿಸಿಲು ಇವುಗಳ ಲೆಕ್ಕ ಕನ್ನಡದಲ್ಲಿ ಹೇಳೋರು ಕಡಿಮೆ. ಬೇರೆ ದೇಶದ ಲೆಕ್ಕವನ್ನು ತಂದು ನಮ್ಮ ಮೀಟರಿಗೆ ಜೋಡಿಸಿದ್ರೆ ಅದು ತಿರುಗೋದು ನಮ್ಮ ಜೇಬಿನ ಕಡೆಗೇ. ತಂತ್ರಜ್ಞಾನ ಗೊತ್ತಿರೋ ನಾವು ನಾಲ್ಕು ಜನ ನಮ್ಮ ನಮ್ಮ ಊರಿನ ದರ ಹಾಕಿ ಇಂಥ ಲೆಕ್ಕ ಬರೆದಿಟ್ರೆ ಯಾರೋ ಒಬ್ಬ ಹುಡುಗನ ಸೆಮಿಸ್ಟರ್ ಫೀಸು ಉಳೀಬಹುದು. ಮೇಲಿನ ಸೂತ್ರ ಇದ್ದೇ ಇದೆ. ದರ ಬದಲಾದಾಗ 4.50, 7 ಇವೆರಡು ಅಂಕಿ ಬದಲಿಸಿಕೊಂಡ್ರೆ ಮುಗೀತು.

ಏನಂತೀರಿ?

ಕೊನೆ ಕೊಸರು: ಲೆಕ್ಕವನ್ನೆಲ್ಲಾ ಕೇಳಿದ ಮೇಲೆ ಆ ಸೋಲಾರಿನ ಹುಡುಗ ತುಂಬಾ ಹೊತ್ತು ಯೋಚನೆ ಮಾಡಿ ಕೇಳಿದ, "ಅಣ್ಣಾ, ಹಾಗಾದ್ರೆ ಮೈನಿಂಗಲ್ಲಿ ಗ್ಯಾರಂಟಿ ಲಾಭ ಮಾಡೋರು ಯಾರು?" ನಾನಂದೆ, "ಕರೆಂಟ್ ಮಾರೋರು ಮತ್ತೆ ಮಷೀನ್ ಮಾರೋರು ಕಣಪ್ಪಾ." ಮೊನ್ನೆ ಫೋನ್ ಮಾಡಿದ್ದ. ಈಗ ಸೋಲಾರ್ ಏಜೆನ್ಸಿ ತಗೊಳ್ಳೋದು ಹೇಗೆ ಅಂತ ವಿಚಾರಿಸ್ತಾ ಇದ್ದಾನಂತೆ :)